ಏಳು ಸಿಗ್ಮಾ ಎಲ್ಲಿಂದ ಬಂತು? ವಿಶ್ವದ ಕನ್ನಡಿ ಸಮಮಿತಿ ಪರೀಕ್ಷೆಯ ಒಂದು ಪ್ರಕರಣ

2022ರ ಜೂನ್ ತಿಂಗಳಲ್ಲಿ ವಿಶ್ವವಿಜ್ಞಾನಿಗಳ ಮುಂದೆ ಎರಡು ಪ್ರಬಂಧಗಳು ಬೆನ್ನುಬೆನ್ನಿಗೆ ಬಂದವು. ಎರಡೂ ಬಳಸಿಕೊಂಡಿದ್ದು ಒಂದೇ ಸಮೀಕ್ಷೆಯ ಮಾಹಿತಿ. ಎರಡೂ ಕೇಳಿದ್ದು ಒಂದೇ ಪ್ರಶ್ನೆ: ಗ್ಯಾಲಕ್ಸಿಗಳು ಹರಡಿಕೊಂಡಿರುವ ರೀತಿಯನ್ನು ಕನ್ನಡಿಯಲ್ಲಿ ನೋಡಿದರೆ, ಸರಾಸರಿ ಲೆಕ್ಕದಲ್ಲಿ ಅದು ಮೂಲದಂತೆಯೇ ಇರುತ್ತದೆಯೇ? ಜಿಯಾಮಿನ್ ಹೌ, ಝಾಕರಿ ಸ್ಲೆಪಿಯನ್, ರಾಬರ್ಟ್ ಕಾನ್ ಅವರ ತಂಡದ ಉತ್ತರ, ಇಲ್ಲ ಎಂಬುದಾಗಿತ್ತು. ಅದನ್ನು ಅವರು ಹೇಳಿದ ಗಟ್ಟಿತನ ಒಂದು ಗ್ಯಾಲಕ್ಸಿ ಗುಂಪಿನಲ್ಲಿ 7.1 ಸಿಗ್ಮಾ, ಇನ್ನೊಂದರಲ್ಲಿ 3.1 ಸಿಗ್ಮಾ. ಫಲಿತಾಂಶವೊಂದು ಸಹಜವಾದ ಆಕಸ್ಮಿಕ ಏರಿಳಿತದ ಎಷ್ಟು ಪಟ್ಟಿದೆ ಎಂಬುದರ ಅಳತೆಯೇ ಸಿಗ್ಮಾ. ಆಲಿವರ್ ಫಿಲ್ಕಾಕ್ಸ್ ಒಬ್ಬರೇ ಮಾಡಿದ ವಿಶ್ಲೇಷಣೆ ಅದೇ ದಿಕ್ಕನ್ನು ತೋರಿಸಿತು, ಆದರೆ 2.9 ಸಿಗ್ಮಾಕ್ಕೆ ನಿಂತಿತು.

ಭೌತವಿಜ್ಞಾನದಲ್ಲಿ 5 ಸಿಗ್ಮಾ ದಾಟಿದ್ದನ್ನು ಶೋಧ ಎಂದು ಕರೆಯುವ ವಾಡಿಕೆ ಇದೆ. 7 ಸಿಗ್ಮಾ ಎಂದರೆ ಇಂಥ ಫಲಿತಾಂಶ ಬರೀ ಆಕಸ್ಮಿಕವಾಗಿ ಬರುವ ಸಾಧ್ಯತೆ ಹತ್ತಾರು ಸಾವಿರ ಕೋಟಿಗೆ ಒಂದು. ಹಾಗಿದ್ದರೂ 2024ರ ಹೊತ್ತಿಗೆ ಈ ಸಂಕೇತ ಬಹುಪಾಲು ಕರಗಿಹೋಗಿತ್ತು. ಯಾರೂ ಮೋಸ ಮಾಡಿರಲಿಲ್ಲ, ದೂರದರ್ಶಕ ಕೆಟ್ಟಿರಲಿಲ್ಲ, ಲೆಕ್ಕದಲ್ಲಿ ಒಂದು ಚಿಹ್ನೆಯೂ ತಪ್ಪಿರಲಿಲ್ಲ. ಹಾಗಾದರೆ ಏಳು ಸಿಗ್ಮಾ ಬಂದದ್ದೆಲ್ಲಿಂದ ಎಂಬುದೇ ಈ ಪ್ರಕರಣದ ಸ್ವಾರಸ್ಯ.

ಕನ್ನಡಿಯನ್ನು ಇಷ್ಟು ಗಂಭೀರವಾಗಿ ನೋಡುವುದೇಕೆ

ಎಡ-ಬಲ ಅದಲುಬದಲಾದರೂ ಪ್ರಕೃತಿಯ ನಿಯಮ ಬದಲಾಗದು ಎಂದು 1956ರವರೆಗೆ ಹೆಚ್ಚಿನವರು ಪ್ರಶ್ನೆಯೇ ಇಲ್ಲದೆ ನಂಬಿದ್ದರು. ಈ ಗುಣಕ್ಕೆ ಭೌತವಿಜ್ಞಾನಿಗಳು ಪ್ಯಾರಿಟಿ ಎನ್ನುತ್ತಾರೆ. ಆ ವರ್ಷ ತ್ಸುಂಗ್-ದಾವೊ ಲೀ ಮತ್ತು ಚೆನ್ ನಿಂಗ್ ಯಾಂಗ್, ಕೆಲವು ಪರಮಾಣು ಬೀಜಕಣಗಳ ಕ್ಷಯಕ್ಕೆ ಕಾರಣವಾದ ದುರ್ಬಲ ಬಲದ ವಿಷಯದಲ್ಲಿ ಇದನ್ನು ಯಾರೂ ಪರೀಕ್ಷಿಸಿಯೇ ಇಲ್ಲವಲ್ಲ ಎಂದು ಎತ್ತಿ ತೋರಿಸಿದರು. ಚಿಯೆನ್-ಶುಂಗ್ ವೂ ತೀರಾ ತಣ್ಣಗಾಗಿಸಿದ ಕೋಬಾಲ್ಟ್-60 ಪರಮಾಣುಗಳನ್ನು ಕಾಂತಕ್ಷೇತ್ರದಲ್ಲಿ ಒಂದೇ ದಿಕ್ಕಿಗೆ ನಿಲ್ಲಿಸಿ, ಅವು ಉಗುಳುವ ಎಲೆಕ್ಟ್ರಾನುಗಳನ್ನು ಎಣಿಸಿದರು. ಎಲೆಕ್ಟ್ರಾನುಗಳು ಎರಡೂ ಬದಿಗೆ ಸಮವಾಗಿ ಹೊರಡಲಿಲ್ಲ. ಬೀಜಕಣದ ಗಿರಕಿಯ ದಿಕ್ಕಿಗೆ ಎದುರಾಗಿ ಹೆಚ್ಚು ಹೊರಟವು. 1957ರಲ್ಲಿ ಲೀ ಮತ್ತು ಯಾಂಗ್‌ಗೆ ನೊಬೆಲ್ ಬಂತು. ಪ್ರಯೋಗ ಮಾಡಿದ ವೂ ಅವರಿಗೆ ಬರಲಿಲ್ಲ, ಅದು ಇಂದಿಗೂ ಕೊರೆಯುವ ಸಂಗತಿ.

ದುರ್ಬಲ ಬಲದ ವ್ಯಾಪ್ತಿ ಬೀಜಕಣಕ್ಕಿಂತಲೂ ಕಿರಿದು. ಕೋಟಿಗಟ್ಟಲೆ ಜ್ಯೋತಿರ್ವರ್ಷ ಅಂತರದ ಗ್ಯಾಲಕ್ಸಿಗಳನ್ನು ಜೋಡಿಸುವುದು ಗುರುತ್ವ. ಗುರುತ್ವಕ್ಕೆ, ನಮಗೆ ತಿಳಿದಮಟ್ಟಿಗೆ, ಎಡ-ಬಲದ ಭೇದವಿಲ್ಲ. ಸಮಮಿತಿಯಿಂದಲೇ ಶುರುವಾದ ವಿಶ್ವವನ್ನು ಗುರುತ್ವ ಎಷ್ಟು ಕಾಲ ತಿದ್ದಿ ತೀಡಿದರೂ ಸಮಮಿತಿ ಕೆಡುವುದಿಲ್ಲ. ಆದ್ದರಿಂದ ಗ್ಯಾಲಕ್ಸಿಗಳ ಹಂಚಿಕೆಯಲ್ಲಿ ಎಡಕ್ಕೋ ಬಲಕ್ಕೋ ಒಲವು ಕಂಡರೆ ಅದರ ಬೇರು ಮೊದಲ ಕ್ಷಣಗಳಲ್ಲಿರಬೇಕು. ವಿಶ್ವ ಕಣ್ಣೆವೆ ಮುಚ್ಚುವುದಕ್ಕಿಂತಲೂ ಬೇಗ ಅಗಾಧವಾಗಿ ಹಿಗ್ಗಿತೆಂದು ಹೇಳುವ ಇನ್‌ಫ್ಲೇಷನ್ ಹಂತದಲ್ಲಿ ಯಾವುದೋ ಹೊಸ ಕ್ಷೇತ್ರ ಎಡ-ಬಲದ ಭೇದ ಮಾಡಿರಬೇಕು. ಗ್ಯಾಲಕ್ಸಿಯ ಅನಿಲ, ನಕ್ಷತ್ರಸ್ಫೋಟ, ಕಪ್ಪುಕುಳಿಗಳ ಗೊಂದಲ ಯಾವುದೂ ಈ ಸಂಕೇತವನ್ನು ಹುಟ್ಟಿಸಲಾರದು. ವಿಶ್ವವಿಜ್ಞಾನದಲ್ಲಿ ಇಷ್ಟು ಶುಚಿಯಾದ ಪರೀಕ್ಷೆಗಳು ಅಪರೂಪ. ಹಾಗೆಂದು 2022ರಲ್ಲಿ ಎಲ್ಲರೂ ಅಂದುಕೊಂಡಿದ್ದರು. ಆ ಮಾತು ಮುಕ್ಕಾಲು ಪಾಲು ಸರಿ. ಉಳಿದ ಕಾಲು ಪಾಲಿನ ಕಥೆ ಮುಂದೆ ಬರುತ್ತದೆ.

ಎರಡು ಸಾಲದು, ಮೂರೂ ಸಾಲದು

ಗ್ಯಾಲಕ್ಸಿಗಳ ಹಂಚಿಕೆಯನ್ನು ಅಳೆಯುವ ಮಾಮೂಲಿ ಉಪಾಯ ಜೋಡಿ ಎಣಿಕೆ. ಇಂತಿಷ್ಟು ದೂರದಲ್ಲಿ ಎಷ್ಟು ಜೋಡಿಗಳಿವೆ, ಅಡ್ಡಾದಿಡ್ಡಿ ಚೆಲ್ಲಿದ್ದರೆ ಎಷ್ಟಿರುತ್ತಿದ್ದವು ಎಂದು ಹೋಲಿಸುವುದು. ಆದರೆ ಎರಡು ಬಿಂದುಗಳ ನಡುವಿನ ಗೆರೆಗೆ ಎಡ-ಬಲವೆಂಬುದಿಲ್ಲ. ಮೂರು ಬಿಂದುಗಳ ತ್ರಿಕೋನಕ್ಕೆ ಕಾಗದದ ಮೇಲೆ ಎಡ-ಬಲ ಉಂಟು, ಆದರೆ ಕಾಗದದಿಂದ ಎತ್ತಿ ಮಗುಚಿ ಹಾಕಿದರೆ ಅದು ತನ್ನ ಪ್ರತಿಬಿಂಬದ ಮೇಲೆ ಸರಿಯಾಗಿ ಕೂರುತ್ತದೆ. ಮೂರು ಆಯಾಮದ ಆಕಾಶದಲ್ಲಿ ಹೀಗೆ ಮಗುಚಲು ಅಡ್ಡಿಯೇನೂ ಇಲ್ಲ.

ನಾಲ್ಕನೆಯ ಬಿಂದು ಸೇರಿದಾಗ ಮಾತ್ರ ಕಥೆ ಬದಲಾಗುತ್ತದೆ. ನಾಲ್ಕು ಬಿಂದುಗಳು ಕೂಡಿ ಆಗುವುದು ನಾಲ್ಕು ತ್ರಿಕೋನ ಮುಖಗಳ ಚತುಷ್ಫಲಕ. ಒಂದು ಮೂಲೆಯಲ್ಲಿ ನಿಂತು ಉಳಿದ ಮೂರನ್ನು ನೋಡಿ. ಹತ್ತಿರದ್ದು, ನಡುವಿನದು, ದೂರದ್ದು ಎಂಬ ಕ್ರಮದಲ್ಲಿ ಕಣ್ಣು ಹಾಯಿಸಿದರೆ ನೋಟ ಗಡಿಯಾರದ ಮುಳ್ಳಿನಂತೆ ಸುತ್ತುತ್ತದೆ, ಇಲ್ಲವೇ ಅದಕ್ಕೆ ಎದುರಾಗಿ ಸುತ್ತುತ್ತದೆ. ಮೂರು ದೂರಗಳೂ ಬೇರೆಬೇರೆಯಾಗಿದ್ದರೆ ಈ ಎರಡು ಬಗೆಗಳನ್ನು ಎಷ್ಟು ತಿರುಗಿಸಿದರೂ ಒಂದರ ಮೇಲೊಂದು ಕೂರಿಸಲಾಗದು. ಎಡಗೈ ಕವಚವನ್ನು ಬಲಗೈಗೆ ತೊಡಿಸಲು ಹೋದಂತೆ ಆಗುತ್ತದೆ. ಸಮಮಿತಿಯ ವಿಶ್ವದಲ್ಲಿ ಎರಡೂ ಬಗೆಯವು ಸಮನಾಗಿರಬೇಕು. ಒಂದು ಬಗೆ ಹೆಚ್ಚಾಗಿದ್ದರೆ ಪ್ಯಾರಿಟಿ ಮುರಿದಿದೆ ಎಂದರ್ಥ.

ಹೇಳಿದರೆ ಇಷ್ಟು ಸರಳವಾದ ಈ ಯೋಚನೆಯನ್ನು ಕಾನ್, ಸ್ಲೆಪಿಯನ್, ಹೌ 2021ರಲ್ಲಿ ಮುಂದಿಟ್ಟರು. ಅಷ್ಟು ತಡವಾದದ್ದೇಕೆ ಎಂದು ಕೇಳಿದರೆ ಉತ್ತರ ಎಣಿಕೆಯ ಭಾರದಲ್ಲಿದೆ.

ಹತ್ತು ಲಕ್ಷ ಗ್ಯಾಲಕ್ಸಿ, ನಾಲ್ಕು ನಾಲ್ಕಾಗಿ

ಬಳಸಿದ ಮಾಹಿತಿ ಬಾಸ್ ಸಮೀಕ್ಷೆಯದು. ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದ ಅಪಾಚೆ ಪಾಯಿಂಟ್‌ನಲ್ಲಿರುವ 2.5 ಮೀಟರ್ ಸ್ಲೋನ್ ದೂರದರ್ಶಕ ಇದಕ್ಕೆ ದುಡಿದದ್ದು. ಪ್ರತಿ ವೀಕ್ಷಣೆಗೂ ಅಲ್ಯೂಮಿನಿಯಂ ತಟ್ಟೆಯೊಂದರಲ್ಲಿ ಗ್ಯಾಲಕ್ಸಿಗಳ ಜಾಗಕ್ಕೆ ಸರಿಯಾಗಿ ತೂತು ಕೊರೆದು, 1000 ಆಪ್ಟಿಕಲ್ ಫೈಬರ್‌ಗಳನ್ನು ಕೈಯಿಂದಲೇ ಸಿಕ್ಕಿಸುತ್ತಿದ್ದರು. ಬೆಳಕಿನ ಕೆಂಪು ಪಲ್ಲಟದಿಂದ ದೂರ ತಿಳಿಯುತ್ತದೆ. ಹೀಗೆ ಸುಮಾರು 12 ಲಕ್ಷ ಗ್ಯಾಲಕ್ಸಿಗಳ ಮೂರು ಆಯಾಮದ ನಕ್ಷೆ ಸಿದ್ಧವಾಯಿತು. ಇದರಲ್ಲಿ ಹತ್ತಿರದ ಗುಂಪಿಗೆ ಲೋಝಡ್, ದೂರದ ದೊಡ್ಡ ಗುಂಪಿಗೆ ಸಿಮಾಸ್ ಎಂದು ಹೆಸರು. ಮೇಲೆ ಹೇಳಿದ 7.1 ಬಂದದ್ದು ಸಿಮಾಸ್‌ನಿಂದ.

ಹತ್ತು ಲಕ್ಷ ಗ್ಯಾಲಕ್ಸಿಗಳಿಂದ ನಾಲ್ಕು ನಾಲ್ಕನ್ನು ಆರಿಸುವ ಬಗೆಗಳು 4ರ ಮುಂದೆ 22 ಸೊನ್ನೆ ಹಾಕಿದಷ್ಟು. ಒಂದೊಂದಾಗಿ ಎಣಿಸುತ್ತ ಕೂರುವಂತಿಲ್ಲ. ತಂಡ ಹಿಡಿದ ದಾರಿ ಜಾಣತನದ್ದು. ಪ್ರತಿ ಗ್ಯಾಲಕ್ಸಿಯ ಸುತ್ತ ಗೋಳಾಕಾರದ ಪದರಗಳನ್ನು ಕಲ್ಪಿಸಿ, ಒಂದೊಂದು ಪದರದಲ್ಲೂ ನೆರೆಯ ಗ್ಯಾಲಕ್ಸಿಗಳು ಯಾವ ದಿಕ್ಕಿಗೆ ಎಷ್ಟು ಗುಂಪಾಗಿವೆ ಎಂಬುದನ್ನು ಗೋಳೀಯ ಹಾರ್ಮೋನಿಕ್‌ಗಳೆಂಬ ಗಣಿತರೂಪಗಳಲ್ಲಿ ಬರೆದಿಟ್ಟುಕೊಳ್ಳುವುದು, ಆಮೇಲೆ ಮೂರು ಪದರಗಳ ಅಂಕಿಗಳನ್ನು ತಕ್ಕಂತೆ ಗುಣಿಸಿ ಕೂಡುವುದು. ಕೆಲಸದ ಭಾರ ಗ್ಯಾಲಕ್ಸಿ ಸಂಖ್ಯೆಯ ನಾಲ್ಕನೆಯ ಘಾತದ ಬದಲು ವರ್ಗಕ್ಕೆ ಇಳಿಯುತ್ತದೆ. ಇನ್ನೂ ಒಳ್ಳೆಯದೆಂದರೆ, ಕನ್ನಡಿಯಲ್ಲಿ ಬದಲಾಗದ ಭಾಗವೂ ಚಿಹ್ನೆ ತಿರುಗಿಸುವ ಭಾಗವೂ ತಾವಾಗಿಯೇ ಬೇರೆಯಾಗುತ್ತವೆ. ಚಿಹ್ನೆ ತಿರುಗಿಸುವ ಭಾಗವನ್ನು ಬೆಸ ಭಾಗ ಎನ್ನೋಣ. ಸಮಮಿತಿಯ ವಿಶ್ವದಲ್ಲಿ ಬೆಸ ಭಾಗದ ಸರಾಸರಿ ಸೊನ್ನೆ.

ಒಂದು ಲೆಕ್ಕವನ್ನು ಇಲ್ಲೇ ಮಾಡಿಟ್ಟುಕೊಳ್ಳಬೇಕು, ಮುಂದೆ ಅದೇ ಮುಖ್ಯವಾಗುತ್ತದೆ. ಸುಮಾರು 9 ಕೋಟಿಯಿಂದ 75 ಕೋಟಿ ಜ್ಯೋತಿರ್ವರ್ಷದವರೆಗಿನ ದೂರವನ್ನು 10 ಪದರಗಳಾಗಿ ಮಾಡಿದರೆ, ಅದರಿಂದ ಮೂರು ಬೇರೆಬೇರೆ ಪದರ ಆರಿಸುವ ಬಗೆಗಳು 120. ಕೋನದ ವಿವರವನ್ನು ನಾಲ್ಕನೆಯ ದರ್ಜೆಯವರೆಗೆ ಇಟ್ಟುಕೊಂಡರೆ ಪ್ರತಿ ಆಯ್ಕೆಗೂ 23 ಬೆಸ ರೂಪಗಳು ಸಿಗುತ್ತವೆ. ಒಟ್ಟು 2760 ಅಂಕಿಗಳು. ಪದರಗಳನ್ನು 18ಕ್ಕೆ ಏರಿಸಿದರೆ 18,768. ಇಷ್ಟೂ ಅಂಕಿಗಳು ಸೊನ್ನೆಯ ಸುತ್ತ ಗದ್ದಲದ, ಅಂದರೆ ಆಕಸ್ಮಿಕ ಏರಿಳಿತದ, ಮಟ್ಟಕ್ಕೆ ತಕ್ಕಷ್ಟು ಮಾತ್ರ ಏರಿಳಿದಿವೆಯೇ ಅಥವಾ ಅದಕ್ಕಿಂತ ಹೆಚ್ಚಾಗಿಯೇ ಎಂಬುದು ಪ್ರಶ್ನೆ.

ಮೊದಲ ಅನುಮಾನಗಳು ತಪ್ಪು ದಿಕ್ಕಿನವು

ದೊಡ್ಡ ಫಲಿತಾಂಶ ಬಂದಾಗ ಮೊದಲು ಅನುಮಾನ ಬೀಳುವುದು ಉಪಕರಣದ ಮೇಲೆ. ತೀರಾ ಪಕ್ಕಪಕ್ಕದಲ್ಲಿರುವ ಎರಡು ಗ್ಯಾಲಕ್ಸಿಗಳಿಗೆ ಒಂದೇ ತಟ್ಟೆಯಲ್ಲಿ ಎರಡು ಫೈಬರ್ ಕೂರಿಸಲಾಗದು, ಹಾಗಾಗಿ ಕೆಲವು ತಪ್ಪಿಹೋಗುತ್ತವೆ. ನಮ್ಮದೇ ಗ್ಯಾಲಕ್ಸಿಯ ಧೂಳು ಕೆಲವು ದಿಕ್ಕಿನಲ್ಲಿ ಬೆಳಕನ್ನು ಮಂಕಾಗಿಸುತ್ತದೆ. ಒಂದೊಂದು ರಾತ್ರಿಯ ಗಾಳಿ ಒಂದೊಂದು ಥರ. ಇವೆಲ್ಲ ನಿಜವಾದ ದೋಷಗಳೇ. ಆದರೆ ಇವು ಆಕಾಶದ ಮೇಲ್ಮೈಯಲ್ಲಿ ಹರಡಿಕೊಂಡ ದೋಷಗಳು. ಮೂರು ಆಯಾಮದಲ್ಲಿ ಎಡ-ಬಲದ ಭೇದ ಹುಟ್ಟಿಸಲು ಮೇಲ್ಮೈಯ ತಿರುಚು ದೂರದೊಂದಿಗೂ ಒಂದು ಕ್ರಮದಲ್ಲಿ ಕೂಡಿಕೊಳ್ಳಬೇಕು. ಹೌ ಅವರ ತಂಡ ಇಂಥ ಹಲವು ಸಾಧ್ಯತೆಗಳನ್ನು ಕೆದಕಿ ನೋಡಿತು. ಇಡೀ ಸಂಕೇತವನ್ನು ವಿವರಿಸಬಲ್ಲ ದೋಷ ಯಾವುದೂ ಅವರಿಗೆ ಸಿಗಲಿಲ್ಲ.

ಇದೇ ಸ್ಲೋನ್ ಸಮೀಕ್ಷೆಯ ಚಿತ್ರಗಳ ಮೇಲೆ ಹಿಂದೊಮ್ಮೆ ಬೇರೊಂದು ಎಡ-ಬಲದ ಪ್ರಸಂಗ ನಡೆದಿತ್ತು. 2007ರಲ್ಲಿ ಶುರುವಾದ ಗ್ಯಾಲಕ್ಸಿ ಝೂ ಯೋಜನೆಯಲ್ಲಿ ಸಾರ್ವಜನಿಕರು ಸುರುಳಿ ಗ್ಯಾಲಕ್ಸಿಗಳನ್ನು ನೋಡಿ, ಇದು ಯಾವ ಕಡೆಗೆ ಸುತ್ತುತ್ತದೆ ಎಂದು ಗುರುತು ಹಾಕುತ್ತಿದ್ದರು. ಒಂದು ದಿಕ್ಕಿನವು ಸ್ಪಷ್ಟವಾಗಿ ಹೆಚ್ಚು ಬಂದವು. ಸಂಘಟಕರು ಚಿತ್ರಗಳನ್ನು ಕನ್ನಡಿಯಂತೆ ತಿರುಗಿಸಿ ಮತ್ತೆ ತೋರಿಸಿದಾಗಲೂ ಹೆಚ್ಚು ಬಂದದ್ದು ಅದೇ ದಿಕ್ಕು. ಒಲವು ಇದ್ದದ್ದು ಆಕಾಶದಲ್ಲಲ್ಲ, ನೋಡುವವರಲ್ಲಿ. ಚತುಷ್ಫಲಕದ ಎಣಿಕೆಯಲ್ಲಿ ಮನುಷ್ಯರ ಕಣ್ಣಿಗೆ ಕೆಲಸವೇ ಇಲ್ಲವಾದ್ದರಿಂದ ಆ ಪಾಠ ಇಲ್ಲಿ ಅನ್ವಯಿಸದು ಎಂದು ಅನಿಸುವುದು ಸಹಜ.

ನನ್ನ ಮಟ್ಟಿಗೆ ಅಂದೇ ಕಿವಿ ನಿಮಿರಿಸಬೇಕಿದ್ದ ಸಂಗತಿ ಬೇರೆ. ಒಂದೇ ಮಾಹಿತಿಯಿಂದ ಒಬ್ಬರಿಗೆ 7.1, ಇನ್ನೊಬ್ಬರಿಗೆ 2.9 ಬಂದಿತ್ತು. ಇಬ್ಬರೂ ಆರಿಸಿದ ಪದರಗಳು, ಹಿಡಿದ ವಿಧಾನ ಪೂರ್ತಿ ಒಂದೇ ಆಗಿರಲಿಲ್ಲ, ನಿಜ. ಆದರೆ ಮೂಲ ಎಣಿಕೆ ಒಂದೇ ಬಗೆಯದು. ಮುಖ್ಯ ವ್ಯತ್ಯಾಸ ಇದ್ದದ್ದು ಗದ್ದಲವನ್ನು ಅಂದಾಜು ಮಾಡಿದ ಕ್ರಮದಲ್ಲಿ. ಫಲಿತಾಂಶದ ಗಟ್ಟಿತನ ಗದ್ದಲದ ಅಂದಾಜಿನ ಜೊತೆ ಇಷ್ಟೊಂದು ಹೊಯ್ದಾಡುತ್ತಿದ್ದರೆ, ಅಳೆಯುತ್ತಿರುವುದು ಗದ್ದಲವನ್ನೋ ಸಂಕೇತವನ್ನೋ ಎಂದು ಕೇಳಲೇಬೇಕು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರಲ್ಲ, ಇಲ್ಲಿ ಪ್ರಮಾಣದ ಅಳತೆಗೋಲನ್ನೇ ಪ್ರಮಾಣಿಸಬೇಕಿತ್ತು.

ಗದ್ದಲದ ಅಂದಾಜು ಎಂಬ ಮುಳ್ಳು

ನಮಗಿರುವುದು ಒಂದೇ ವಿಶ್ವ. ಸಮಮಿತಿ ಪೂರ್ತಿಯಾಗಿದ್ದರೂ ಒಂದು ಸೀಮಿತ ಪ್ರದೇಶದಲ್ಲಿ ಎಡಗೈ ಚತುಷ್ಫಲಕಗಳು ಆಕಸ್ಮಿಕವಾಗಿ ಕೊಂಚ ಹೆಚ್ಚಿರಬಹುದು. ನಾಣ್ಯವನ್ನು ಸಾವಿರ ಸಲ ಚಿಮ್ಮಿದರೆ ಸರಿಯಾಗಿ ಐನೂರು ತಲೆ ಬೀಳುವುದು ಅಪರೂಪವಷ್ಟೆ. ಈ ಆಕಸ್ಮಿಕ ಏರಿಳಿತ ಎಷ್ಟಿರಬೇಕು ಎಂಬುದನ್ನೂ, ಒಂದು ಅಂಕಿ ಏರಿದರೆ ಇನ್ನೊಂದು ಅದರ ಜೊತೆ ಎಷ್ಟು ಏರುತ್ತದೆ ಎಂಬುದನ್ನೂ ಹೇಳುವ ದೊಡ್ಡ ಕೋಷ್ಟಕವೇ ಕೋವೇರಿಯನ್ಸ್. 2760 ಅಂಕಿಗಳಿದ್ದರೆ ಈ ಕೋಷ್ಟಕದ ಒಂದೊಂದು ಬದಿಯಲ್ಲೂ 2760 ಮನೆಗಳು.

ಕೋಷ್ಟಕ ತುಂಬಲು ಎರಡು ದಾರಿಗಳಿವೆ. ಒಂದು, ಕಂಪ್ಯೂಟರಿನಲ್ಲಿ ಸಾವಿರಾರು ಅಣಕು ವಿಶ್ವಗಳನ್ನು ಸೃಷ್ಟಿಸಿ ಪ್ರತಿಯೊಂದರಲ್ಲೂ ಅದೇ ಎಣಿಕೆ ಮಾಡುವುದು. ಬಾಸ್ ಸಮೀಕ್ಷೆಗೆ ಮಲ್ಟಿಡಾರ್ಕ್-ಪ್ಯಾಚಿ ಎಂಬ ಹೆಸರಿನ 2048 ಅಣಕು ಸಮೀಕ್ಷೆಗಳು ಸಿದ್ಧವಿದ್ದವು. ತೊಡಕು ನೋಡಿ: ಅಂಕಿಗಳು 2760, ಅಣಕುಗಳು 2048. ಅಣಕುಗಳ ಸಂಖ್ಯೆ ಅಂಕಿಗಳ ಸಂಖ್ಯೆಗಿಂತ ಕಡಿಮೆಯಾದರೆ ಕೋಷ್ಟಕವನ್ನು ವಿಲೋಮ ಮಾಡಲಾಗದು (ಸಂಖ್ಯೆಗಳಲ್ಲಿ ಭಾಗಾಕಾರವಿದ್ದಂತೆ ಕೋಷ್ಟಕಗಳಿಗೆ ವಿಲೋಮ), ವಿಲೋಮ ಇಲ್ಲದೆ ಪರೀಕ್ಷೆ ನಡೆಯದು. ಆಗ ಅಂಕಿಗಳನ್ನು ಕುಗ್ಗಿಸಿ ಕೆಲವನ್ನು ಮಾತ್ರ ಉಳಿಸಿಕೊಳ್ಳಬೇಕು. ಇನ್ನೊಂದು ದಾರಿ, ಗ್ಯಾಲಕ್ಸಿಗಳ ಸಾಂದ್ರತೆ ಗೌಸ್ ಮಾದರಿಯ ಸರಳ ಯಾದೃಚ್ಛಿಕ ಕ್ಷೇತ್ರವೆಂದು ಭಾವಿಸಿ ಕೋಷ್ಟಕವನ್ನು ಸೂತ್ರದಿಂದಲೇ ಬರೆದು, ಅಣಕುಗಳಿಗೆ ಹೊಂದುವಂತೆ ಸರಿಪಡಿಸಿಕೊಳ್ಳುವುದು. ದೊಡ್ಡ ಸಿಗ್ಮಾ ಬಂದದ್ದು ಈ ಎರಡನೆಯ ದಾರಿಯಲ್ಲಿ.

ಸೂತ್ರದಲ್ಲಿ ಒಂದಿಷ್ಟು ಕೊರತೆ ಇದ್ದರೆ ಏನಾದೀತು? ಇದಕ್ಕೆ ಒಂದು ಸಣ್ಣ ಲೆಕ್ಕ ಸಾಕು. ಅಂಕಿಗಳೆಲ್ಲ ಪರಸ್ಪರ ಸ್ವತಂತ್ರ ಎಂದಿಟ್ಟುಕೊಳ್ಳಿ. ಪ್ರತಿ ಅಂಕಿಯನ್ನೂ ತನ್ನ ಗದ್ದಲದಿಂದ ಭಾಗಿಸಿ, ವರ್ಗ ಮಾಡಿ, ಕೂಡಿದರೆ ಬರುವ ಮೊತ್ತವೇ ಕೈ-ವರ್ಗ (χ²). ಸಂಕೇತ ಏನೂ ಇಲ್ಲದಿದ್ದರೆ ಈ ಮೊತ್ತ ಸುಮಾರು 2760 ಆಗಬೇಕು, ಅದರ ಸಹಜ ಏರಿಳಿತ 74ರಷ್ಟು. ಈಗ ನಿಜವಾದ ಗದ್ದಲದ ವರ್ಗಮೌಲ್ಯ ನಾವು ಅಂದುಕೊಂಡದ್ದಕ್ಕಿಂತ ಬರೀ 5 ಶೇಕಡಾ ಹೆಚ್ಚಿತ್ತು ಎನ್ನಿ. ಮೊತ್ತ 138ರಷ್ಟು ಏರುತ್ತದೆ, ಅಂದರೆ ಹೆಚ್ಚುಕಡಿಮೆ 2 ಸಿಗ್ಮಾ. 18 ಪದರಗಳ 18,768 ಅಂಕಿಗಳಿದ್ದರೆ ಸಹಜ ಏರಿಳಿತ 194, ಅದೇ 5 ಶೇಕಡಾ ತಪ್ಪಿಗೆ ಮೊತ್ತ 938 ಏರುತ್ತದೆ. ಹತ್ತಿರ ಹತ್ತಿರ 5 ಸಿಗ್ಮಾ! ವಿಶ್ವದಲ್ಲಿ ಎಡ-ಬಲದ ಭೇದ ಲವಲೇಶವೂ ಇಲ್ಲದೆ, ಪದರಗಳನ್ನು ಹೆಚ್ಚಿಸಿದ್ದಕ್ಕೇ ಶೋಧದ ಹೊಸ್ತಿಲು ತಲುಪಿಬಿಡುತ್ತೇವೆ.

ಅಂಕಿಗಳು ಹೆಚ್ಚಿದಷ್ಟೂ ಪರೀಕ್ಷೆ ಸೂಕ್ಷ್ಮವಾಗುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಸೂಕ್ಷ್ಮವಾಗುವುದು ಹೌದು, ಆದರೆ ಯಾವುದಕ್ಕೆ ಎಂಬುದು ಪ್ರಶ್ನೆ. ಇಲ್ಲಿ ಅದು ಸಂಕೇತಕ್ಕಿಂತ ಹೆಚ್ಚಾಗಿ ನಮ್ಮ ಗದ್ದಲದ ತಿಳಿವಳಿಕೆಗೆ ಸೂಕ್ಷ್ಮವಾಯಿತು.

ಇನ್ನೊಂದು ತಿರುವು ಇದಕ್ಕಿಂತ ಸೊಗಸಾದದ್ದು. ಬೆಸ ಭಾಗದ ಸರಾಸರಿಯನ್ನು ಗುರುತ್ವವಾಗಲಿ ಗ್ಯಾಲಕ್ಸಿಗಳ ಒಳಗಿನ ಗೊಂದಲವಾಗಲಿ ಮುಟ್ಟಲಾರವು ಎಂದೆವಷ್ಟೆ. ಆದರೆ ಗದ್ದಲದ ಅಂದಾಜಿಗೆ ಬೇಕಿರುವುದು ಸರಾಸರಿಯಲ್ಲ, ಎರಡು ಬೆಸ ಅಂಕಿಗಳ ಗುಣಲಬ್ಧ. ಕನ್ನಡಿಯಲ್ಲಿ ಎರಡರ ಚಿಹ್ನೆಯೂ ತಿರುಗುವುದರಿಂದ ಗುಣಲಬ್ಧದ ಚಿಹ್ನೆ ತಿರುಗುವುದಿಲ್ಲ. ಅದು ಸಮ ಭಾಗಕ್ಕೆ, ಅಂದರೆ ಕನ್ನಡಿಯಲ್ಲಿ ಬದಲಾಗದ ಭಾಗಕ್ಕೆ, ಸೇರಿದ್ದು. ನಾಲ್ಕು ಬಿಂದುಗಳ ಅಳತೆಯನ್ನು ಇನ್ನೊಂದು ನಾಲ್ಕು ಬಿಂದುಗಳ ಅಳತೆಯೊಂದಿಗೆ ಗುಣಿಸಿದರೆ ಆಗುವುದು ಎಂಟು ಬಿಂದುಗಳ ಸಹಸಂಬಂಧ. ಇದರ ಮೇಲೆ ಗುರುತ್ವದ ಕೈಯೂ ಇದೆ, ಗ್ಯಾಲಕ್ಸಿಗಳು ಹುಟ್ಟುವ ಗೊಂದಲಮಯ ಪ್ರಕ್ರಿಯೆಯ ಕೈಯೂ ಇದೆ. ಶುಚಿಯಾದ ಪರೀಕ್ಷೆಗೆ ಕೊಳೆ ಒಳಬಂದದ್ದು ಈ ಹಿಂಬಾಗಿಲಿನಿಂದ.

ಪ್ಯಾಚಿ ಅಣಕುಗಳನ್ನು ನಿಜವಾದ ಬಾಸ್ ಮಾಹಿತಿಗೆ ಹೊಂದಿಸಿದ್ದು ಎರಡು ಮತ್ತು ಮೂರು ಬಿಂದುಗಳ ಅಳತೆಯಲ್ಲಿ. ಅವನ್ನು ತಯಾರಿಸಿದ ವಿಧಾನವೂ ಗುರುತ್ವವನ್ನು ಪೂರ್ತಿಯಾಗಿ ಲೆಕ್ಕಿಸದ ಅಂದಾಜಿನ ವಿಧಾನ. ತಯಾರಿಸಿದವರನ್ನು ದೂರುವಂತಿಲ್ಲ. ಸಾವಿರಾರು ಅಣಕುಗಳು ಬೇಕೆಂದರೆ ಅಗ್ಗದ ದಾರಿಯನ್ನೇ ಹಿಡಿಯಬೇಕು, ಅಲ್ಲದೆ ಜೋಡಿ ಎಣಿಕೆಯ ಕೆಲಸಕ್ಕೆ ಅವು ಚೆನ್ನಾಗಿಯೇ ಒದಗಿದ್ದವು. ಆದರೆ ಎಂಟು ಬಿಂದುಗಳಲ್ಲೂ ಅವು ನಿಜದ ವಿಶ್ವವನ್ನು ಹೋಲುತ್ತವೆ ಎಂದು ಯಾರೂ ಮಾತು ಕೊಟ್ಟಿರಲಿಲ್ಲ.

2024: ಎರಡು ಮರುಪರೀಕ್ಷೆಗಳು

2024ರಲ್ಲಿ ಫಿಲ್ಕಾಕ್ಸ್ ಮತ್ತು ಜೂಲಿಯಾ ಎರೆಸಾ ಸಿಮಾಸ್ ಮಾಹಿತಿಯನ್ನು ಮತ್ತೆ ಕೈಗೆತ್ತಿಕೊಂಡರು. ಎಣಿಕೆಯನ್ನು ಹಾಗೇ ಇಟ್ಟು ಅಣಕುಗಳನ್ನಷ್ಟೇ ಬದಲಾಯಿಸಿದರು. ಈ ಸಲ ಬಳಸಿದ್ದು ಗ್ಲಾಮ್-ಉಚು ಎಂಬ ಹೊಸ ಸರಣಿ. ಇದರಲ್ಲಿ ಪ್ರತಿ ಸಿಮ್ಯುಲೇಷನ್‌ನಲ್ಲೂ 2000ದ ಘನದಷ್ಟು, ಅಂದರೆ 800 ಕೋಟಿ ಕಣಗಳು ಒಂದನ್ನೊಂದು ಗುರುತ್ವದಿಂದ ಸೆಳೆಯುತ್ತ ಸಾಗುತ್ತವೆ. ಪ್ಯಾಚಿಯಂಥ ಅಂದಾಜಿನ ಅಡ್ಡದಾರಿ ಇಲ್ಲ. ಈ ಅಣಕುಗಳ ಗದ್ದಲಕ್ಕೆ ಹೋಲಿಸಿದಾಗ ಬಾಸ್‌ನ ಅಂಕಿಗಳಲ್ಲಿ ಅಸಹಜವಾದದ್ದೇನೂ ಉಳಿಯಲಿಲ್ಲ. ತಮ್ಮದೇ ಹಳೆಯ ಫಲಿತಾಂಶವನ್ನು ಪ್ರಶ್ನಿಸುವ ಪ್ರಬಂಧಕ್ಕೆ ಫಿಲ್ಕಾಕ್ಸ್ ಹೆಸರು ಹಾಕಿದ್ದು ಗೌರವ ಹುಟ್ಟಿಸುವ ಸಂಗತಿ.

ಆದರೂ ಇಲ್ಲೊಂದು ಬಿರುಕು ಉಳಿಯುತ್ತದೆ. ಹೊಸ ಅಣಕು ಹಳೆಯದಕ್ಕಿಂತ ಉತ್ತಮ, ಸರಿ. ಅದಾದರೂ ಸಾಕಷ್ಟು ನಿಖರವೇ? ಈ ಪ್ರಶ್ನೆಗೆ ಕೊನೆಯಿಲ್ಲ. ಅಣಕುಗಳ ಮೇಲೆ ಭರವಸೆ ಇಡದೆಯೇ ನಡೆಯುವ ಪರೀಕ್ಷೆ ಬೇಕಿತ್ತು. ಅದೇ ವರ್ಷ ಅಲೆಕ್ಸ್ ಕ್ರೊಲೆವ್ಸ್ಕಿ, ಸೈಮನ್ ಮೇ, ಕೆಂಡ್ರಿಕ್ ಸ್ಮಿತ್, ಹ್ಯಾನ್ಸ್ ಹಾಪ್ಕಿನ್ಸ್ ಅದನ್ನು ಕೊಟ್ಟರು. ಇಡೀ ಪ್ರಕರಣದಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಈ ಕೆಲಸ.

ಉಪಾಯ ಹೀಗಿದೆ. ಸಮೀಕ್ಷೆಯ ಆಕಾಶವನ್ನು ತುಂಡುಗಳಾಗಿ ಮಾಡಿ, ಪ್ರತಿ ತುಂಡಿನಲ್ಲೂ ಬೆಸ ಅಂಕಿಗಳನ್ನು ಬೇರೆಯಾಗಿ ಅಳೆಯಿರಿ. ನಿಜವಾದ ಸಂಕೇತ ಪ್ರಕೃತಿಯ ನಿಯಮದಿಂದ ಬಂದದ್ದಾದರೆ ಎಲ್ಲ ತುಂಡುಗಳಲ್ಲೂ ಒಂದೇ ಚಿಹ್ನೆ, ಒಂದೇ ಗಾತ್ರದಲ್ಲಿ ಇರಬೇಕು. ನಿಯಮ ಆಕಾಶದ ಒಂದು ಮೂಲೆಗೆ ಒಂದು, ಇನ್ನೊಂದಕ್ಕೆ ಇನ್ನೊಂದು ಎಂದಿರುವುದಿಲ್ಲ. ಗದ್ದಲ ಹಾಗಲ್ಲ, ಅದು ಒಂದೊಂದು ತುಂಡಿನಲ್ಲಿ ಒಂದೊಂದು ಥರ. ಈಗ ಒಂದು ತುಂಡಿನ ಅಂಕಿಗಳನ್ನು ಅದೇ ತುಂಡಿನ ಅಂಕಿಗಳೊಂದಿಗೆ ಗುಣಿಸಿದರೆ ಗದ್ದಲದ ವರ್ಗ ಯಾವಾಗಲೂ ಧನವಾಗಿ ಬಂದು ಮೊತ್ತವನ್ನು ಉಬ್ಬಿಸುತ್ತದೆ. ಹಳೆಯ ಪರೀಕ್ಷೆಯಲ್ಲಿ ಆದದ್ದು ಇದೇ. ಬೇರೆ ತುಂಡಿನ ಅಂಕಿಗಳೊಂದಿಗೆ ಗುಣಿಸಿದರೆ ಗದ್ದಲ ಒಮ್ಮೆ ಧನ, ಒಮ್ಮೆ ಋಣವಾಗಿ ಸರಾಸರಿಯಲ್ಲಿ ಅಳಿಸಿಹೋಗುತ್ತದೆ, ಸಂಕೇತವಿದ್ದರೆ ಅದು ಮಾತ್ರ ನಿಲ್ಲುತ್ತದೆ. ಗದ್ದಲದ ಗಾತ್ರವನ್ನು ನಾವು ತಪ್ಪಾಗಿ ಅಂದಾಜು ಮಾಡಿದ್ದರೂ ಸುಳ್ಳು ಸಂಕೇತ ಹುಟ್ಟುವುದಿಲ್ಲ. ತುಂಡುಗಳ ನಡುವಣ ವ್ಯತ್ಯಾಸವನ್ನು ನೋಡಿದರೆ ಇದರ ಉಲ್ಟಾ ಆಗುತ್ತದೆ: ಸಂಕೇತ ವಜಾ ಆಗಿ ಶುದ್ಧ ಗದ್ದಲ ಉಳಿಯುತ್ತದೆ. ಅದನ್ನು ಅಣಕುಗಳ ಗದ್ದಲದೊಂದಿಗೆ ನೇರವಾಗಿ ಹೋಲಿಸಬಹುದು.

ಫಲಿತಾಂಶ ನಿಚ್ಚಳವಾಗಿತ್ತು. ಪ್ಯಾರಿಟಿ ಮುರಿದ ಸಂಕೇತ ವಿಶ್ಲೇಷಣೆಯ ಆಯ್ಕೆಗಳಿಗೆ ತಕ್ಕಂತೆ 0ಯಿಂದ 2.5 ಸಿಗ್ಮಾದೊಳಗೆ ಓಲಾಡಿತು. ಎಂಟು ಬಿಂದುಗಳ ಸಹಸಂಬಂಧದಲ್ಲಿ ಅಣಕಿಗೂ ನಿಜದ ಮಾಹಿತಿಗೂ ಇರುವ ವ್ಯತ್ಯಾಸ ಮಾತ್ರ ಸುಮಾರು 6 ಸಿಗ್ಮಾ. ಅಂದರೆ ದೊಡ್ಡ ಸಂಖ್ಯೆ ಸುಳ್ಳಾಗಿರಲಿಲ್ಲ. ಅದು ನಿಜವಾದ ವ್ಯತ್ಯಾಸವನ್ನೇ ಕಂಡುಹಿಡಿದಿತ್ತು. ಆ ವ್ಯತ್ಯಾಸ ಇದ್ದದ್ದು ವಿಶ್ವಕ್ಕೂ ಅದರ ಪ್ರತಿಬಿಂಬಕ್ಕೂ ನಡುವೆಯಲ್ಲ, ವಿಶ್ವಕ್ಕೂ ನಮ್ಮ ಅಣಕು ವಿಶ್ವಕ್ಕೂ ನಡುವೆ.

ಬೇರೆ ಸಾಕ್ಷಿಗಳು

ಇದಕ್ಕೂ ಮೊದಲೇ ಇನ್ನೆರಡು ಕಡೆಯಿಂದ ಸೂಚನೆ ಬಂದಿತ್ತು. 2022ರಲ್ಲೇ ಜೊವಾನಿ ಕಬಾಸ್, ಮಿಖಾಯಿಲ್ ಇವಾನೊವ್ ಮತ್ತು ಫಿಲ್ಕಾಕ್ಸ್, ಇನ್‌ಫ್ಲೇಷನ್ ಹಂತದಲ್ಲಿ ಪ್ಯಾರಿಟಿ ಮುರಿಯಬಲ್ಲ ಕೆಲವು ನಿರ್ದಿಷ್ಟ ಸಿದ್ಧಾಂತಗಳು ಯಾವ ಆಕಾರದ ಸಂಕೇತ ಕೊಡಬೇಕೆಂದು ಲೆಕ್ಕಹಾಕಿ ಬಾಸ್‌ನಲ್ಲಿ ಹುಡುಕಿದರು, ಯಾವುದಕ್ಕೂ ಸಾಕ್ಷ್ಯ ಸಿಗಲಿಲ್ಲ. ಆಮೇಲೆ ಫಿಲ್ಕಾಕ್ಸ್ ಇದೇ ಪ್ರಶ್ನೆಯನ್ನು ಪ್ಲ್ಯಾಂಕ್ ಉಪಗ್ರಹ ಅಳೆದ ಕಾಸ್ಮಿಕ್ ಮೈಕ್ರೋವೇವ್ ಹಿನ್ನೆಲೆ ವಿಕಿರಣದ, ಅಂದರೆ ವಿಶ್ವದ ಎಳೆತನದಿಂದ ಉಳಿದು ಬಂದ ಬೆಳಕಿನ, ತಾಪಮಾನ ನಕ್ಷೆಗೆ ಕೇಳಿದರು. ಅಲ್ಲೂ ಸಮಮಿತಿ ಮುರಿದ ಗುರುತಿಲ್ಲ. ಆ ನಕ್ಷೆ ಗೋಳದ ಮೇಲ್ಮೈಯದಾದ್ದರಿಂದ ಆಳದ ಮಾಹಿತಿ ಒಂದಿಷ್ಟು ಚಪ್ಪಟೆಯಾಗಿರುತ್ತದೆ, ಹಾಗಾಗಿ ಅದೊಂದರಿಂದಲೇ ಗ್ಯಾಲಕ್ಸಿಗಳ ಪ್ರಕರಣ ಮುಗಿಸುವಂತಿರಲಿಲ್ಲ. ಆದರೆ ಗುರುತ್ವದ ಜಟಿಲತೆ ಇನ್ನೂ ಶುರುವಾಗದ ಕಾಲದ ಚಿತ್ರ ಅದಾದ್ದರಿಂದ ಗದ್ದಲದ ಲೆಕ್ಕ ಅಲ್ಲಿ ಬಹಳ ಸುಲಭ.

ಇದೇ ವಿಕಿರಣದ ಧ್ರುವೀಕರಣ, ಅಂದರೆ ಅದರ ಅಲೆಗಳು ಕಂಪಿಸುವ ದಿಕ್ಕು, ಬರುವ ದಾರಿಯಲ್ಲಿ ತುಸು ತಿರುಗಿದೆ ಎಂಬ ಇನ್ನೊಂದು ವಾದವೂ ಇದೆ. ಯೂಟೊ ಮಿನಾಮಿ ಮತ್ತು ಎಯಿಚಿರೊ ಕೊಮಾಟ್ಸು 2020ರಲ್ಲಿ ಪ್ಲ್ಯಾಂಕ್ ಮಾಹಿತಿಯಿಂದ ಅಳೆದ ಕೋನ 0.35 ಡಿಗ್ರಿ, ಅನಿಶ್ಚಿತತೆ 0.14 ಡಿಗ್ರಿ. ಅದೂ ಎಡ-ಬಲದ ಭೇದವೇ, ಆದರೆ ಬೇರೆಯೇ ಭೌತಪ್ರಕ್ರಿಯೆ, ಬೇರೆಯೇ ದೋಷಗಳು. ಎರಡನ್ನೂ ಒಂದೇ ಚೀಲಕ್ಕೆ ಹಾಕಿ ಪ್ಯಾರಿಟಿ ಮುರಿದುಬಿತ್ತು ಎಂದು ಬರೆದ ಸುದ್ದಿಗಳು ಓದುಗರಿಗೆ ಉಪಕಾರ ಮಾಡಲಿಲ್ಲ.

ಮುಂದಿನ ಸಮೀಕ್ಷೆಗಳಿಗೆ ಒಂದು ಒರೆಗಲ್ಲು

ಅರಿಜೋನಾದ ಕಿಟ್ ಪೀಕ್‌ನಲ್ಲಿ 4 ಮೀಟರ್ ಮೇಯಾಲ್ ದೂರದರ್ಶಕಕ್ಕೆ ಅಳವಡಿಸಿದ ಡೆಸಿ ಉಪಕರಣದಲ್ಲಿ 5000 ಫೈಬರ್‌ಗಳನ್ನು ಪುಟ್ಟ ರೋಬೋಗಳೇ ಜಾಗಕ್ಕೆ ತಂದು ನಿಲ್ಲಿಸುತ್ತವೆ. 2025ರ ಮಾರ್ಚ್‌ನಲ್ಲಿ ಹೊರಬಂದ ಅದರ ಮೊದಲ ದೊಡ್ಡ ಕಂತಿನಲ್ಲೇ 1.3 ಕೋಟಿಯಷ್ಟು ಗ್ಯಾಲಕ್ಸಿಗಳಿವೆ. 2023ರ ಜುಲೈನಲ್ಲಿ ಹಾರಿದ ಯೂಕ್ಲಿಡ್ ಬಾಹ್ಯಾಕಾಶ ದೂರದರ್ಶಕವೂ ಇಂಥದೇ ನಕ್ಷೆ ಬರೆಯುತ್ತಿದೆ. ನಾಲ್ಕು ಬಿಂದುಗಳ ಎಣಿಕೆಗೆ ಇವು ಹೇಳಿ ಮಾಡಿಸಿದ ಮಾಹಿತಿ. ಆದರೆ ಬರೀ ಮಾಹಿತಿ ಹೆಚ್ಚಿದ ಮಾತ್ರಕ್ಕೆ ಬಾಸ್‌ನ ತೊಡಕು ತಾನಾಗಿ ಬಿಡಿಸಿಕೊಳ್ಳುವುದಿಲ್ಲ. ಸಿಮ್ಯುಲೇಷನ್ ಮಾಡುವವರು ಎಷ್ಟು ಶ್ರಮಪಟ್ಟರೂ ಎಂಟು ಬಿಂದುಗಳ ಅಳತೆಯಲ್ಲಿ ಕೆಲವು ಶೇಕಡಾ ವ್ಯತ್ಯಾಸ ಉಳಿದೇ ಉಳಿಯುತ್ತದೆ.

ಇಲ್ಲಿ ಒಂದು ಸರಳ ಲೆಕ್ಕ ಕೈಹಿಡಿಯುತ್ತದೆ. ಅದೇ ಬಗೆಯ ಗ್ಯಾಲಕ್ಸಿಗಳು, ಅದೇ ದಟ್ಟಣೆ, ಅದೇ ಪದರಗಳನ್ನು ಇಟ್ಟುಕೊಂಡು ಸಮೀಕ್ಷೆಯ ಗಾತ್ರವನ್ನು ಮಾತ್ರ 3 ಪಟ್ಟು ಮಾಡಿದೆವು ಎನ್ನಿ. ಗದ್ದಲದ ವರ್ಗಮೌಲ್ಯ ಮೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ನಿಜವಾದ ಸಂಕೇತ ಹಾಗೇ ಇರುವುದರಿಂದ ಕೈ-ವರ್ಗದಲ್ಲಿ ಅದರ ಪಾಲು 3 ಪಟ್ಟಾಗುತ್ತದೆ. ಆದರೆ ಹೆಚ್ಚುವರಿ ಬಂದದ್ದು ಗದ್ದಲವನ್ನು 5 ಶೇಕಡಾ ಕಡಿಮೆ ಅಂದಾಜು ಮಾಡಿದ್ದರಿಂದಾದರೆ, ಗದ್ದಲ ಎಷ್ಟೇ ಇಳಿದರೂ ತಪ್ಪು 5 ಶೇಕಡಾವಾಗಿಯೇ ಇರುತ್ತದೆ, ಹೆಚ್ಚುವರಿ ಮೊತ್ತ ಅದೇ 138 ಅಥವಾ ಅದೇ 938ರಲ್ಲಿ ನಿಂತುಬಿಡುತ್ತದೆ. ಡೆಸಿಯ ಮೊದಲ ವರ್ಷದ ಮಾಹಿತಿಯಿಂದ ಕೊನೆಯ ವರ್ಷದ ಮಾಹಿತಿಗೆ ಹೋಗುವಾಗ, ಹಾಗೆಯೇ ಆಕಾಶದ ಅರ್ಧ ಭಾಗದಿಂದ ಪೂರ್ತಿ ಭಾಗಕ್ಕೆ ಹೋಗುವಾಗ, ಸಿಗ್ಮಾ ಬೆಳೆಯುತ್ತದೆಯೋ ನಿಂತಲ್ಲೇ ನಿಲ್ಲುತ್ತದೆಯೋ ಎಂದು ನೋಡಬಹುದು. ತುಂಡು-ತುಂಡಿನ ಗುಣಾಕಾರವನ್ನೂ ಇದರ ಜೊತೆಗೆ ನಡೆಸಿದರೆ ಎರಡು ಪರೀಕ್ಷೆಗಳೂ ಒಂದನ್ನೊಂದು ಕಾಯುತ್ತವೆ. ಒಂದು ಸಮೀಕ್ಷೆಯಲ್ಲಿ 10 ಸಿಗ್ಮಾ ಬಂದರೂ ಗಾತ್ರದ ಜೊತೆ ಅದು ಏರದಿದ್ದರೆ, ತೆರೆದು ನೋಡಬೇಕಾದದ್ದು ಅಣಕುಗಳ ಕಡತ.